ಟಚ್ ಲ್ಯಾಪ್‌ಟಾಪೋ, ಟ್ಯಾಬೋ? ಆಳಂದ, ಅಫಜಲಪುರ, ಜೇವರ್ಗಿಯ ಪ್ರಶ್ನೆಗೆ ಇತಿಹಾಸದ ಉತ್ತರ



ತೊಗರಿ ರಾಶಿ ಮುಗಿದು ಕೈಗೆ ಒಂದಿಷ್ಟು ದುಡ್ಡು ಬಂದಾಗ, ಇಲ್ಲಾ ಮನೆಯ ಮಗಳೋ ಮಗನೋ ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದಾಗ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತೆ: "ಒಂದೇ ಒಂದು ತಗೊಳ್ಳೋದಾದ್ರ ಯಾವುದು ತಗೋಬೇಕ್ರಿ? ಟಚ್ ಸ್ಕ್ರೀನ್ ಲ್ಯಾಪ್‌ಟಾಪೋ, ಟ್ಯಾಬೋ?"

ಇಲ್ಲಿ 'ಒಂದೇ ಒಂದು' ಅನ್ನೋದು ಮುಖ್ಯವಾದ ಮಾತು. ಮನೆಗೊಂದು ಲ್ಯಾಪ್‌ಟಾಪು, ಮಲಗಿ ನೋಡೋಕೆ ಇನ್ನೊಂದು ಟ್ಯಾಬು ಅನ್ನುವ ಮನೆಗಳಿಗೆ ಈ ಪ್ರಶ್ನೆನೇ ಹುಟ್ಟಲ್ಲ. ಈ ಮೂರು ತಾಲ್ಲೂಕಿನ ಬಹಳಷ್ಟು ಮನೆಗಳಿಗೆ ಇದು ಮೂರು ನಾಲ್ಕು ವರ್ಷಕ್ಕೊಮ್ಮೆ ಬರುವ ಖರ್ಚು. ಮಗಳ ಡಿಗ್ರಿ, ತಮ್ಮನ ಆನ್‌ಲೈನ್ ಅರ್ಜಿ, ಅಪ್ಪನ ಪಹಣಿ, ಅಮ್ಮನ ಸಂಘದ ಲೆಕ್ಕ ಎಲ್ಲವೂ ಅದೊಂದರ ಮೇಲೇ ನಡೀಬೇಕು. ತಪ್ಪು ಆಯ್ಕೆ ಆದರೆ ಬದಲಾಯಿಸೋಕೆ ಮತ್ತೆ ದುಡ್ಡಿರಲ್ಲ. ರಿಪೇರಿಗೆ ಅಂದ್ರೂ ನಲವತ್ತರಿಂದ ಅರವತ್ತು ಕಿಲೋಮೀಟರ್ ದೂರದ ಕಲಬುರಗಿಗೇ ಹೋಗಬೇಕು.

ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು ಅಂತ ಹೇಳುವ ವಿಡಿಯೋಗಳು ಸಾಕಷ್ಟಿವೆ. ನಾವು ಇವತ್ತು ಬೇರೆ ದಾರಿ ಹಿಡಿಯೋಣ. ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಒಂದು ಇತಿಹಾಸ ಇದೆ. ಬೆಂಗಳೂರಿನ ವಿಜ್ಞಾನಿಗಳು ಈ ಪ್ರಶ್ನೆ ಕೇಳಿಕೊಂಡಿದ್ದಾರೆ. ಕಂದಾಯ ಇಲಾಖೆ ಕೇಳಿಕೊಂಡಿದೆ. ಸ್ವತಃ ಸರ್ಕಾರ ಇದಕ್ಕೆ ಎರಡು ಸಲ ಉತ್ತರ ಕೊಟ್ಟಿದೆ, ಎರಡು ಸಲವೂ ಬೇರೆ ಬೇರೆ ಉತ್ತರ. 2020ರ ಆರಂಭದಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಡಲು ಶುರು ಮಾಡಿತು. 2021ರ ಜೂನ್‌ನಲ್ಲಿ ಸರ್ಕಾರಿ ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಟ್ಟಿತು. ಅದೇ ಸರ್ಕಾರ, ಅದೇ ಕಾಲೇಜುಗಳು. ಒಂದೂವರೆ ವರ್ಷದೊಳಗೆ ಉತ್ತರ ಯಾಕೆ ಬದಲಾಯ್ತು? ಆ ಬದಲಾವಣೆಯಲ್ಲಿ ಏನು ಸಿಕ್ತು, ಏನು ಕಳೀತು? ಅದನ್ನು ಅರ್ಥ ಮಾಡಿಕೊಳ್ಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪಾಟಿ ಮತ್ತು ಕಡತ

ನಮ್ಮ ಕಡೆ ಶಾಲೆಗೆ ಒಯ್ಯುವ ಚೀಲಕ್ಕೆ ಪಾಟಿಚೀಲ ಅಂತಾರೆ. ಪಾಟಿ ಅಂದ್ರೆ ಸ್ಲೇಟು. ಪುಸ್ತಕ ಎಷ್ಟೇ ತುಂಬಿದ್ರೂ ಚೀಲಕ್ಕೆ ಹೆಸರು ಮಾತ್ರ ಪಾಟಿಯದ್ದೇ. ಪಾಟಿಯ ಗುಣ ಏನು? ಬರೀಬಹುದು, ಒರೆಸಬಹುದು, ಕೈಯಲ್ಲಿ ಹಿಡ್ಕೊಂಡು ಎಲ್ಲಿ ಬೇಕಾದ್ರೂ ಕೂರಬಹುದು. ಆದ್ರೆ ಬರೆದದ್ದು ಉಳಿಯಲ್ಲ. ಕಲಿಯೋಕೆ ಪಾಟಿ ಬೇಕು, ಲೆಕ್ಕ ಇಡೋಕೆ ಆಗಲ್ಲ.

ಲೆಕ್ಕ ಇಡೋಕೆ ಕನ್ನಡ ನಾಡಿನಲ್ಲಿ ಬೇರೊಂದು ಸಾಧನ ಇತ್ತು. ಅದೇ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಕಪ್ಪು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಲ್ಲಿ ಬರೀತಿದ್ರು. ಮಠಗಳ ಲೆಕ್ಕ, ವ್ಯಾಪಾರಿಗಳ ಲೆಕ್ಕ ಇವುಗಳಲ್ಲಿ ಇರ್ತಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ. ಇವತ್ತಿಗೂ ಸರ್ಕಾರಿ ಕಚೇರಿಯ ಫೈಲಿಗೆ ನಾವು 'ಕಡತ' ಅಂತಲೇ ಕರೀತೀವಿ.

ಹಾಗಾಗಿ ಓದೋಕೆ, ಕಲಿಯೋಕೆ ಪಾಟಿ, ಬರೆದು ಇಡೋಕೆ ಕಡತ. ಈ ಎರಡು ಪದಗಳನ್ನ ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯಲ್ಲಿ ಬರುವ ಪ್ರತಿಯೊಂದು ಯಂತ್ರವೂ ಇವೆರಡರಲ್ಲಿ ಒಂದರ ಕಡೆಗೆ ವಾಲಿರುತ್ತೆ.

ಎರಡನ್ನೂ ಒಂದು ಮಾಡುವ ಕನಸು

ಕಂಪ್ಯೂಟರ್ ಜಗತ್ತಿನಲ್ಲಿ ಈ ಎರಡನ್ನೂ ಸೇರಿಸುವ ಕನಸು ಕಂಡವರಲ್ಲಿ ಮೊದಲಿಗರು ಅಮೆರಿಕದ ಅಲನ್ ಕೇ. 1972ರಲ್ಲಿ ಅವರು ಡೈನಾಬುಕ್ ಅನ್ನುವ ಕಲ್ಪನೆಯ ಯಂತ್ರವೊಂದರ ಬಗ್ಗೆ ಪ್ರಬಂಧ ಬರೆದರು. ಪುಸ್ತಕದ ಗಾತ್ರ, ಮಕ್ಕಳು ಎತ್ತಿಕೊಂಡು ಓಡಾಡಬಹುದಾದಷ್ಟು ಹಗುರ, ಚಪ್ಪಟೆ ಪರದೆ. ಚಿತ್ರ ನೋಡಿದರೆ ಇವತ್ತಿನ ಟ್ಯಾಬ್ಲೆಟ್ ಹಾಗೇ ಕಾಣುತ್ತೆ. ಆದ್ರೆ ಗಮನಿಸಬೇಕಾದ್ದು ಬೇರೆ ಇದೆ: ಪರದೆಯ ಕೆಳಗೆ ಕೀಬೋರ್ಡ್ ಇತ್ತು. ಮಗು ಆ ಯಂತ್ರದಲ್ಲಿ ಬರೀ ಓದಬಾರದು, ತಾನೇ ಬರೀಬೇಕು, ತನ್ನದೇ ಆಟ ಕಟ್ಟಬೇಕು ಅನ್ನೋದು ಕೇ ಅವರ ಹಟ.

ಆ ಯಂತ್ರ ಕೇ ಅಂದುಕೊಂಡ ಹಾಗೆ ತಯಾರಾಗಲೇ ಇಲ್ಲ. ಬಂದದ್ದು ಎರಡು ಬೇರೆ ಬೇರೆ ವಂಶ. ಮಡಚುವ, ಕೀಬೋರ್ಡ್ ಇರುವ ಲ್ಯಾಪ್‌ಟಾಪ್ ಒಂದು ಕಡೆ. ಕಡ್ಡಿಯಿಂದ ಮುಟ್ಟುವ ಅಂಗೈ ಯಂತ್ರ ಇನ್ನೊಂದು ಕಡೆ. 1993ರಲ್ಲಿ ಆಪಲ್‌ನ ನ್ಯೂಟನ್, 1996ರಲ್ಲಿ ಪಾಮ್ ಪೈಲಟ್. ಈ ಎರಡನೇ ವಂಶದ ಯಂತ್ರವೊಂದನ್ನು ಹಳ್ಳಿಯವರಿಗೇ ಅಂತ ಮಾಡೋಣ ಅನ್ನುವ ಯೋಚನೆ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

ಸಿಂಪ್ಯೂಟರ್: ಊರಿಗೊಂದು ಯಂತ್ರ, ಆಳಿಗೊಂದು ಕಾರ್ಡು

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಅನ್ನುವ ಬೆಂಗಳೂರಿನ ಕಂಪನಿ ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಯಂತ್ರದ ಮಾದರಿ ಹೊರಬಂತು. ಅಂಗೈಯಗಲದ ಟಚ್ ಸ್ಕ್ರೀನು, ಮುಟ್ಟೋಕೆ ಒಂದು ಕಡ್ಡಿ, ಒಳಗೆ ಲಿನಕ್ಸ್. ಕೀಬೋರ್ಡ್ ಇಲ್ಲ. ಬೆಲೆ ಒಂಬತ್ತು ಸಾವಿರ ರೂಪಾಯಿ ಆಸುಪಾಸಿನಲ್ಲಿ ಇರಬೇಕು ಅನ್ನೋದು ಗುರಿ.

ಓದು ಬರಹ ಬಾರದವರಿಗೂ ಆಗಬೇಕು ಅಂತ ಯಂತ್ರ ಭಾರತೀಯ ಭಾಷೆಗಳಲ್ಲಿ ಮಾತಾಡುವ ಹಾಗೆ ಮಾಡಿದರು. ರಮೇಶ್ ಹರಿಹರನ್ ಶುರು ಮಾಡಿದ 'ಧ್ವನಿ' ತಂತ್ರಾಂಶ ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳ್ತಿತ್ತು. ಐಫೋನ್ ಇನ್ನೂ ಆರು ವರ್ಷ ದೂರ ಇದ್ದ ಕಾಲದ ಮಾತಿದು.

ಅದರಲ್ಲಿ ಇನ್ನೊಂದು ಜಾಣತನ ಇತ್ತು. ಪ್ರತಿ ಮನೆಗೂ ಒಂದು ಯಂತ್ರ ಕೊಳ್ಳೋಕೆ ಆಗಲ್ಲ ಅನ್ನೋದನ್ನ ಅವರು ಮೊದಲೇ ಒಪ್ಪಿಕೊಂಡಿದ್ದರು. ಅದಕ್ಕೇ ಸ್ಮಾರ್ಟ್ ಕಾರ್ಡ್ ಹಾಕುವ ಜಾಗ ಇಟ್ಟರು. ಯಂತ್ರ ಊರಿಗೆ ಸೇರಿದ್ದು, ಕಾರ್ಡು ನಿಮ್ಮದು. ನಿಮ್ಮ ಕಾರ್ಡ್ ತೂರಿಸಿದರೆ ಅದು ನಿಮ್ಮ ಯಂತ್ರ, ತೆಗೆದರೆ ಮುಂದಿನವರದ್ದು. 'ಒಂದೇ ಸಾಧನ' ಅನ್ನುವ ಕಷ್ಟಕ್ಕೆ ಯಾರಾದರೂ ನೇರವಾಗಿ ಉತ್ತರ ಹುಡುಕಿದ್ದರೆ ಅದು ಇಲ್ಲಿ.

2004ರ ಮಾರ್ಚ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಪಿಕೋಪೀಟಾ ಸೇರಿ 'ಅಮಿಡಾ' ಹೆಸರಿನಲ್ಲಿ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದವು. ಅಗ್ಗದ ಮಾದರಿಗೇ ಹತ್ತು ಸಾವಿರ ರೂಪಾಯಿ ಹತ್ತಿರ. ಎದುರಿಗೆ ಮೊಬೈಲ್ ಫೋನು ದಿನದಿಂದ ದಿನಕ್ಕೆ ಅಗ್ಗ ಆಗ್ತಾ ಬಂತು. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟ ಆಗಲಿಲ್ಲ.

ಹಾಗಾದ್ರೆ ಅದನ್ನ ಯಾರು ಬಳಸಿದರು? ಕರ್ನಾಟಕ ಸರ್ಕಾರ ಭೂದಾಖಲೆಯ ಮಾಹಿತಿ ಸಂಗ್ರಹಕ್ಕೆ ಬಳಸಿತು. ಅಂದ್ರೆ, ಹಳ್ಳಿಯವರ ಕೈಗೆ ಅಂತ ಹುಟ್ಟಿದ ಯಂತ್ರ ಹಳ್ಳಿಗೆ ಬಂದದ್ದು ಸರ್ಕಾರಿ ನೌಕರರ ಕೈಯಲ್ಲಿ. ಹಳ್ಳಿಯವನು ಯಂತ್ರ ಹಿಡಿಯಲಿಲ್ಲ, ಯಂತ್ರದೊಳಗಿನ ಒಂದು ಸಾಲಾದ.

ಭೂಮಿ: ಕೀಬೋರ್ಡ್ ಅವರ ಕಡೆ, ಪರದೆ ನಮ್ಮ ಕಡೆ

ಅದೇ ಹೊತ್ತಿಗೆ 'ಭೂಮಿ' ಯೋಜನೆ ನಡೀತಿತ್ತು. ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ 2000ದಿಂದ 2002ರ ಹೊತ್ತಿಗೆ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು 177 ತಾಲ್ಲೂಕುಗಳಲ್ಲಿ ಕಂಪ್ಯೂಟರಿಗೆ ಏರಿದವು. ನಮ್ಮ ಮೂರು ತಾಲ್ಲೂಕುಗಳೂ ಅದರಲ್ಲಿ ಸೇರಿದ್ದವು. ಗ್ರಾಮ ಲೆಕ್ಕಿಗರ ಹತ್ತಿರ ಕೈಬರಹದಲ್ಲಿದ್ದ ಪಹಣಿ 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗೋಕೆ ಶುರುವಾಯ್ತು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿದ್ದ ಭೂದಾಖಲೆ ಓದಿಸೋಕೆ ಇನ್ನೊಬ್ಬರ ಮನೆಬಾಗಿಲಿಗೆ ಹೋಗ್ತಿದ್ದ ಈ ಸೀಮೆಯ ಮಂದಿಗೆ ಅದು ಸಣ್ಣ ಮಾತಲ್ಲ.

ಭೂಮಿ ಕೇಂದ್ರದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇತ್ತು. ಎರಡು ಪರದೆ. ಒಂದು ಆಪರೇಟರ್ ಕಡೆ, ಇನ್ನೊಂದು ಕಿಟಕಿಯ ಹೊರಗೆ ನಿಂತ ರೈತನ ಕಡೆ. ಒಳಗೆ ಏನು ಟೈಪ್ ಆಗ್ತಿದೆ ಅಂತ ರೈತ ನೋಡಬಹುದಿತ್ತು. ಕೆಲವು ತಾಲ್ಲೂಕುಗಳಲ್ಲಿ ಟಚ್ ಸ್ಕ್ರೀನ್ ಕಿಯಾಸ್ಕ್‌ಗಳನ್ನೂ ಇಟ್ಟರು, ರೈತ ತಾನೇ ಮುಟ್ಟಿ ತನ್ನ ಪಹಣಿ ನೋಡಿಕೊಳ್ಳಲಿ ಅಂತ.

ಪಾರದರ್ಶಕತೆಗೆ ಇದು ದೊಡ್ಡ ಹೆಜ್ಜೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೂ ಆ ಕಿಟಕಿಯನ್ನ ಇನ್ನೊಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಪರದೆ ಎರಡೂ ಕಡೆ ಇದೆ. ಕೀಬೋರ್ಡ್ ಒಂದೇ ಕಡೆ ಇದೆ. ರೈತ ನೋಡಬಹುದು, ಮುಟ್ಟಬಹುದು. ಬರೆಯುವವರು ಮಾತ್ರ ಒಳಗಿನವರು. ಸರ್ಕಾರಿ ದಾಖಲೆಯಲ್ಲಿ ಅದು ಸರಿಯೇ, ಯಾರು ಬೇಕಾದರೂ ತಿದ್ದೋಕೆ ಆಗಬಾರದು. ಆದ್ರೆ ಈ ಹಂಚಿಕೆ, ಅಂದ್ರೆ ನೋಡುವವರಿಗೆ ಟಚ್ ಸ್ಕ್ರೀನು, ಬರೆಯುವವರಿಗೆ ಕೀಬೋರ್ಡು, ಕಚೇರಿಯಿಂದ ಹೊರಗೂ ಬಂತು. ಅದೇ ಈ ಕಥೆಯ ತಿರುವು.

ಅಗ್ಗದ ಪಾಟಿಯ ಭರವಸೆ

2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಕೇಂದ್ರ ಸಚಿವ ಕಪಿಲ್ ಸಿಬಲ್ 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆ ಮಾಡಿದರು. ಸರ್ಕಾರ ಕೊಂಡ ಬೆಲೆ 2,276 ರೂಪಾಯಿ. ಜಗತ್ತಿನ ಅತಿ ಅಗ್ಗದ ಟ್ಯಾಬ್ಲೆಟ್ ಅಂತ ಪತ್ರಿಕೆಗಳೆಲ್ಲ ಬರೆದವು. ಏಳು ಇಂಚಿನ ಪರದೆ, ಒತ್ತಿ ಒತ್ತಿ ಮುಟ್ಟಬೇಕಾದ ಹಳೇ ಬಗೆಯ ಟಚ್ಚು, 256 ಎಂಬಿ ಮೆಮೊರಿ, ಆಂಡ್ರಾಯ್ಡ್ 2.2.

ಕನ್ನಡದ ಮಕ್ಕಳಿಗೆ ಇದರಲ್ಲಿ ಇನ್ನೊಂದು ತೊಡಕಿತ್ತು. ಆಂಡ್ರಾಯ್ಡ್ ತನ್ನ ಮೂಲದಲ್ಲೇ ಕನ್ನಡಕ್ಕೆ ಬೆಂಬಲ ಕೊಟ್ಟಿದ್ದು 2012ರ ಜೆಲ್ಲಿಬೀನ್ ಆವೃತ್ತಿಯಲ್ಲಿ. ಅಂದ್ರೆ ಆಕಾಶ್ ಬಂದಾಗ ಆ ಪಾಟಿಗೆ ನಮ್ಮ ಒತ್ತಕ್ಷರ ಬರ್ತಿರಲಿಲ್ಲ. ಅದೇ ಹೊತ್ತಿನಲ್ಲಿ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಮೇಲೆ ಕನ್ನಡ ಸಲೀಸಾಗಿ ಓಡಾಡ್ತಿತ್ತು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲೇ ಬಂದಿತ್ತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಾಲ್ಲೂಕು ಕಚೇರಿಯಿಂದ ಡಿಟಿಪಿ ಅಂಗಡಿವರೆಗೆ ಹರಡಿತ್ತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಸಾವಿರಾರು ಬೆರಳುಗಳಿಗೆ ರೂಢಿಯಾಗಿತ್ತು. ಕನ್ನಡದಲ್ಲಿ ಬರೆಯುವುದಕ್ಕೆ ಯಂತ್ರ ಅಂದ್ರೆ ಕೀಬೋರ್ಡ್ ಇರುವ ಯಂತ್ರ ಅಂತಲೇ ಆಗಿತ್ತು.

ಆ ಕಾಲದಲ್ಲೇ ಬೇರೆ ರಾಜ್ಯಗಳೂ ಆಯ್ಕೆ ಮಾಡ್ತಿದ್ದವು. ತಮಿಳುನಾಡು 2011ರ ಸೆಪ್ಟೆಂಬರ್‌ನಿಂದ ಲ್ಯಾಪ್‌ಟಾಪ್ ಹಂಚಿತು. ಉತ್ತರ ಪ್ರದೇಶದಲ್ಲಿ ಸಮಾಜವಾದಿ ಪಕ್ಷ 2012ರ ಚುನಾವಣೆಯಲ್ಲಿ ಹತ್ತನೇ ತರಗತಿ ಮುಗಿಸಿದವರಿಗೆ ಟ್ಯಾಬ್ಲೆಟ್, ಹನ್ನೆರಡನೇ ತರಗತಿ ಮುಗಿಸಿದವರಿಗೆ ಲ್ಯಾಪ್‌ಟಾಪ್ ಅಂತ ಎರಡೂ ಭರವಸೆ ಕೊಟ್ಟಿತ್ತು. ಗೆದ್ದ ಮೇಲೆ 2013ರಲ್ಲಿ ಲ್ಯಾಪ್‌ಟಾಪ್ ಹಂಚಿದರು, ಟ್ಯಾಬ್ಲೆಟ್ ಭರವಸೆಯಾಗಿಯೇ ಉಳೀತು.

ಟಚ್ ಲ್ಯಾಪ್‌ಟಾಪ್ ಎಲ್ಲಿಂದ ಬಂತು?

ಈಗ ನಮ್ಮ ಪ್ರಶ್ನೆಯ ಇನ್ನೊಂದು ಅರ್ಧಕ್ಕೆ ಬರೋಣ. ಲ್ಯಾಪ್‌ಟಾಪಿಗೆ ಟಚ್ ಸೇರಿದ್ದು ಯಾವಾಗ? ಮೈಕ್ರೋಸಾಫ್ಟ್ 2002ರಲ್ಲೇ ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್ ಪಿಸಿ ತಂದಿತ್ತು. ಐದು ವರ್ಷದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಸಿ ಇದೇ ಆಗುತ್ತೆ ಅಂತ ಬಿಲ್ ಗೇಟ್ಸ್ ಹೇಳಿದ್ದರು. ಆಗಲಿಲ್ಲ. ಅವು ಭಾರ ಇದ್ದವು, ದುಬಾರಿ ಇದ್ದವು. 2010ರಲ್ಲಿ ಐಪ್ಯಾಡ್ ಬಂದು ಕೀಬೋರ್ಡನ್ನೇ ಕಿತ್ತು ಹಾಕಿತು, ಗೆದ್ದಿತು.

ಅದೇ ವರ್ಷ ಸ್ಟೀವ್ ಜಾಬ್ಸ್ ಒಂದು ವಾದ ಮುಂದಿಟ್ಟರು: ನೆಟ್ಟಗೆ ನಿಂತ ಪರದೆಯನ್ನ ಮುಟ್ಟುತ್ತಾ ಇದ್ರೆ ಸ್ವಲ್ಪ ಹೊತ್ತಿಗೆ ತೋಳು ಸೋಲುತ್ತೆ, ಆದ್ದರಿಂದ ಲ್ಯಾಪ್‌ಟಾಪಿಗೆ ಟಚ್ ಹೊಂದಲ್ಲ ಅಂತ. ತಂತ್ರಜ್ಞರು ಈ ನೋವಿಗೆ 'ಗೊರಿಲ್ಲಾ ತೋಳು' ಅಂತ ಹೆಸರಿಟ್ಟಿದ್ದಾರೆ. ಗೋಡೆಗೆ ಸುಣ್ಣ ಹೊಡೆದವರಿಗೆ ಇದು ಬೇಗ ಅರ್ಥ ಆಗುತ್ತೆ. ಆದ್ರೂ 2012ರ ಅಕ್ಟೋಬರ್‌ನಲ್ಲಿ ವಿಂಡೋಸ್ 8 ಮತ್ತು ಸರ್ಫೇಸ್ ಒಟ್ಟಿಗೆ ಬಂದವು. ಅಲ್ಲಿಂದ ಟಚ್ ಲ್ಯಾಪ್‌ಟಾಪ್, ಪರದೆ ಹಿಂದಕ್ಕೆ ಮಡಚುವ ಲ್ಯಾಪ್‌ಟಾಪ್, ಕೀಬೋರ್ಡ್ ಕಳಚುವ ಲ್ಯಾಪ್‌ಟಾಪ್ ಅಂತ ಸಾಲು ಸಾಲು ಮಾದರಿಗಳು. ಆಪಲ್ ಕೂಡ 2015ರಲ್ಲಿ ಐಪ್ಯಾಡ್ ಪ್ರೊಗೆ ಕೀಬೋರ್ಡ್ ಮಾಡಿತು, 2020ರಲ್ಲಿ ಮೌಸ್ ಬಾಣವನ್ನೂ ಸೇರಿಸಿತು.

ಇದರಲ್ಲಿ ಒಂದು ಪಾಠ ಇದೆ. ಹತ್ತು ವರ್ಷದ ಪೈಪೋಟಿಯಲ್ಲಿ ಟ್ಯಾಬ್ಲೆಟ್ ಕಂಪನಿಗಳು ಕೀಬೋರ್ಡಿನ ಕಡೆಗೆ ಬಂದವು, ಲ್ಯಾಪ್‌ಟಾಪ್ ಕಂಪನಿಗಳು ಟಚ್ ಕಡೆಗೆ ಹೋದವು. ಕೀಬೋರ್ಡ್ ಇಲ್ಲದೆ ಟ್ಯಾಬ್ಲೆಟ್ ಕೆಲಸದ ಯಂತ್ರ ಆಗಲ್ಲ ಅಂತ ಟ್ಯಾಬ್ಲೆಟ್ ಮಾಡುವವರೇ ಒಪ್ಪಿಕೊಂಡ ಹಾಗಾಯ್ತು. ಟಚ್ ಇಲ್ಲದ ಲ್ಯಾಪ್‌ಟಾಪ್‌ಗಳು ಮಾತ್ರ ಇವತ್ತಿಗೂ ಧಾರಾಳವಾಗಿ ಮಾರಾಟ ಆಗ್ತಿವೆ.

2020: ಪ್ರಶ್ನೆ ನಮ್ಮ ಅಂಗಳಕ್ಕೆ

2020ರ ಮಾರ್ಚ್‌ನಲ್ಲಿ ಏನಾಯ್ತು ಅಂತ ಕಲಬುರಗಿ ಜಿಲ್ಲೆಯವರಿಗೆ ನೆನಪಿಸಬೇಕಾಗಿಲ್ಲ. ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ಇಲ್ಲಿಂದಲೇ. ಕಾಲೇಜು ಮುಚ್ಚಿದವು, ಪಾಠ ಪರದೆಗೆ ಹೋಯ್ತು. ಪರದೆ ಎಲ್ಲಿತ್ತು? ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017–18ರ ಲೆಕ್ಕದ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಲ್ಲಿ, ಇಂಟರ್‌ನೆಟ್ ಸೌಲಭ್ಯ ಇದ್ದದ್ದು ಶೇ 14.9ರಲ್ಲಿ. ಇನ್ನೊಂದು ವಿಷಯ, ಆ ಸಮೀಕ್ಷೆಯಲ್ಲಿ 'ಕಂಪ್ಯೂಟರ್' ಅಂದ್ರೆ ಡೆಸ್ಕ್‌ಟಾಪು, ಲ್ಯಾಪ್‌ಟಾಪು, ಟ್ಯಾಬ್ಲೆಟ್ ಎಲ್ಲಾ ಸೇರಿ. ಅಂಕಿ ಅಂಶ ಬರೆಯುವವರಿಗೆ ಎರಡೂ ಒಂದೇ ಖಾನೆ. ಬಳಸುವವರಿಗೆ ಒಂದೇ ಅಲ್ಲ.

ಆ ವರ್ಷದ ಆರಂಭದಲ್ಲಿ ಕೊಟ್ಟ ಲ್ಯಾಪ್‌ಟಾಪ್ ಸಿಕ್ಕವರು ಪುಣ್ಯವಂತರು, ಆದ್ರೆ ಅವರಿಗೂ ಒಂದು ಕಷ್ಟ ಎದುರಾಯ್ತು. ಸಾಮಾನ್ಯ ಲ್ಯಾಪ್‌ಟಾಪಿಗೆ ಸಿಮ್ ಹಾಕೋಕೆ ಆಗಲ್ಲ. ಹಳ್ಳಿಯ ಮನೆಯಲ್ಲಿ ವೈಫೈ ಇಲ್ಲ. ಅಣ್ಣನ ಫೋನಿನಿಂದ ಹಾಟ್‌ಸ್ಪಾಟ್ ತಗೋಬೇಕು, ಅಣ್ಣ ಹೊಲಕ್ಕೆ ಹೋದರೆ ಪಾಠವೂ ಹೋಯ್ತು. ಕರೆಂಟ್ ಹೋದರೆ ಬ್ಯಾಟರಿ ಕೆಲವೇ ಗಂಟೆ. ಟ್ಯಾಬ್ಲೆಟ್ ಆದ್ರೆ? ಸಿಮ್ ಇರುವ ಮಾದರಿ ಸಿಗುತ್ತೆ, ಫೋನಿನ ಚಾರ್ಜರೇ ಸಾಕು, ಪವರ್ ಬ್ಯಾಂಕಿನಲ್ಲೂ ಚಾರ್ಜ್ ಆಗುತ್ತೆ, ಬೇವಿನ ಮರದ ಕೆಳಗೆ ಸಿಗ್ನಲ್ ಸಿಕ್ಕರೆ ಅಲ್ಲೇ ಕೂತು ಪಾಠ ಕೇಳಬಹುದು.

2021ರ ಫೆಬ್ರವರಿಯಲ್ಲಿ ಉನ್ನತ ಶಿಕ್ಷಣ ಇಲಾಖೆ 'ಕರ್ನಾಟಕ ಎಲ್‌ಎಂಎಸ್' ಅನ್ನುವ ಕಲಿಕಾ ವ್ಯವಸ್ಥೆ ತಂದಿತು. ವಿಡಿಯೋ ಪಾಠ, ಟಿಪ್ಪಣಿ, ಬಹು ಆಯ್ಕೆ ಪ್ರಶ್ನೆ. ಜೂನ್‌ನಲ್ಲಿ, ಎರಡನೇ ಅಲೆಯ ನಡುವೆ, ಟ್ಯಾಬ್ಲೆಟ್ ಬಂದವು. ಒಂದು ಟ್ಯಾಬ್ಲೆಟ್‌ನ ಖರ್ಚು ಲ್ಯಾಪ್‌ಟಾಪಿನ ಅರ್ಧಕ್ಕಿಂತ ಕಡಿಮೆ. ಅದೇ ದುಡ್ಡಿಗೆ ಎರಡು ಪಟ್ಟು ಮಕ್ಕಳಿಗೆ ಮುಟ್ಟಿಸಬಹುದು. ಆ ಗಳಿಗೆಯಲ್ಲಿ ಅದು ತಪ್ಪು ತೀರ್ಮಾನ ಅಂತ ಹೇಳೋಕೆ ಆಗಲ್ಲ. ಪಾಠ ಕೇಳೋದೇ ಕೆಲಸ ಆಗಿದ್ದಾಗ ಪಾಟಿ ಕೊಟ್ಟರು, ಪಾಟಿ ಕೆಲಸ ಮಾಡಿತು.

ಆದ್ರೆ ತೀರ್ಮಾನದ ಒಳಗೆ ಒಂದು ಊಹೆ ಅಡಗಿತ್ತು: ವಿದ್ಯಾರ್ಥಿಯ ಕೆಲಸ ನೋಡೋದು, ಕೇಳೋದು, ಸರಿ ಉತ್ತರದ ಮೇಲೆ ಬೆರಳಿಡೋದು. ಬರೆಯೋದಲ್ಲ. ಬಿ.ಕಾಂ ಓದುವವರಿಗೆ ಟ್ಯಾಲಿ ಬೇಕು, ಅದು ವಿಂಡೋಸ್ ತಂತ್ರಾಂಶ. ಬಿಸಿಎ ಓದುವವರು ಪ್ರೋಗ್ರಾಂ ಬರೀಬೇಕು. ಎಂಎಗೆ ಹೋಗುವವರು ಹತ್ತಾರು ಪುಟದ ಪ್ರಬಂಧ ಟೈಪ್ ಮಾಡಬೇಕು. ಇವು ಯಾವುವೂ ಗಾಜಿನ ಮೇಲೆ ಎರಡು ಹೆಬ್ಬೆರಳಿನಲ್ಲಿ ಮುಗಿಯುವ ಕೆಲಸ ಅಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಆಳಂದದ ಸರ್ಕಾರಿ ಪದವಿ ಕಾಲೇಜಿನಿಂದ ಆ ಗೇಟಿಗೆ ದಾರಿ ಹತ್ತಿರವೇ. ಕೀಬೋರ್ಡ್ ರೂಢಿ ಇಲ್ಲದ ಕೈಗೆ ಅದೇ ದಾರಿ ಉದ್ದ ಆಗುತ್ತೆ.

ಬರೆಯುವವರೇ ಕೇಳಿದಾಗ

ಈ ವಾದ ಬರೀ ನನ್ನದಲ್ಲ. ನಮ್ಮ ಹಳ್ಳಿಗಳಲ್ಲಿ ದಿನವೂ ಮಾಹಿತಿ ತುಂಬುವವರು ಇದನ್ನ ಬೀದಿಗೆ ಬಂದು ಹೇಳಿದ್ದಾರೆ.

ಸಿಂಪ್ಯೂಟರ್ ಹೋದ ಮೇಲೆ ಅದರ ಜಾಗಕ್ಕೆ ಸ್ಮಾರ್ಟ್‌ಫೋನ್ ಬಂತು. ಬೆಳೆ ಸಮೀಕ್ಷೆ ಆ್ಯಪಿಗೆ ಹೋಯ್ತು. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಹೊಲದ ಫೋಟೊ ತೆಗೆದು ಹಾಕುವ ಆ್ಯಪ್ ಕೂಡ ಬಂತು. ಗ್ರಾಮ ಲೆಕ್ಕಿಗರು ಗ್ರಾಮ ಆಡಳಿತಾಧಿಕಾರಿ ಆದರು, ಅವರ ಕೆಲಸ ಒಂದರ ಹಿಂದೆ ಒಂದು ಆ್ಯಪಿಗೆ ಸೇರ್ತಾ ಹೋಯ್ತು. ಒಂದು ಡಜನ್‌ಗಿಂತ ಹೆಚ್ಚು ಆ್ಯಪು, ಎಲ್ಲವೂ ಫೋನಿನ ಮೇಲೆ. 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದರು. ಬೇಡಿಕೆಗಳಲ್ಲಿ ಕುರ್ಚಿ, ಮೇಜಿನ ಜೊತೆಗೆ ಲ್ಯಾಪ್‌ಟಾಪ್ ಇತ್ತು. ಕಂದಾಯ ಇಲಾಖೆ ಅವರಿಗೆ ಕ್ರೋಮ್‌ಬುಕ್ ಕೊಡೋಕೆ ಮುಂದಾಯ್ತು.

ಹೊಲದ ಬದುವಿನಲ್ಲಿ ನಿಂತು ಫೋಟೊ ತೆಗೆಯೋಕೆ ಟಚ್ ಸ್ಕ್ರೀನಿಗಿಂತ ಒಳ್ಳೆಯದು ಇಲ್ಲ. ಅದೇ ಫೋಟೊಗಳ ಮೇಲೆ ವರದಿ ಬರೆಯೋಕೆ, ಅರ್ಜಿ ವಿಲೇವಾರಿ ಮಾಡೋಕೆ ಕೂತಾಗ ಅದರಷ್ಟು ಕಿರಿಕಿರಿ ಇನ್ನೊಂದಿಲ್ಲ. ಎರಡನ್ನೂ ದಿನವಿಡೀ ಮಾಡುವವರು ಏನು ಕೇಳಿದರು ಅನ್ನೋದು ಮುಖ್ಯ. ಅವರ ಹತ್ತಿರ ಪಾಟಿ ಆಗಲೇ ಇತ್ತು. ಅವರು ಕೇಳಿದ್ದು ಕಡತ.

ಹಾಗಾದ್ರೆ ಯಾವುದು ತಗೋಬೇಕು?

ಇಪ್ಪತ್ತೈದು ವರ್ಷದ ಕಥೆಯಿಂದ ನಾನು ತೆಗೆಯುವ ಉತ್ತರ ಇಷ್ಟು.

ಮೊದಲನೇದು, ನಿಮ್ಮ ಮನೆಯಲ್ಲಿ ಪಾಟಿ ಆಗಲೇ ಇದೆ. ಅದು ಸ್ಮಾರ್ಟ್‌ಫೋನ್. ಟ್ಯಾಬ್ಲೆಟ್ ಅಂದ್ರೆ ದೊಡ್ಡ ಪಾಟಿ. ಫೋನ್ ಇರುವ ಮನೆಗೆ ಒಂದೇ ಯಂತ್ರ ಬರುತ್ತೆ ಅಂದ್ರೆ, ಫೋನ್ ಮಾಡಲಾರದ ಕೆಲಸ ಮಾಡುವಂಥದ್ದು ಬರಲಿ. ಡಿಗ್ರಿ ಓದುವವರಿಗೆ, ಕೆಲಸ ಹುಡುಕುವವರಿಗೆ, ಸಂಘದ ಲೆಕ್ಕ ಬರೆಯುವವರಿಗೆ ನನ್ನ ಮತ ಲ್ಯಾಪ್‌ಟಾಪಿಗೆ. ನೆಟ್‌ವರ್ಕಿನ ಕಷ್ಟಕ್ಕೆ ಆ ಫೋನಿನ ಹಾಟ್‌ಸ್ಪಾಟ್ ಇದೆ. 2020ರಲ್ಲಿ ಫೋನೇ ಒಂದಿದ್ದ ಮನೆಗಳಿಗೂ ಈಗಿನ ಮನೆಗಳಿಗೂ ವ್ಯತ್ಯಾಸ ಇದೆ.

ಎರಡನೇದು, ಟಚ್‌ಗಾಗಿ ಬೇರೆಯದನ್ನ ಕಡಿತ ಮಾಡಬೇಡಿ. ಅಂಗಡಿಯಲ್ಲಿ ಒಂದೇ ಬೆಲೆಗೆ ಎರಡು ಇಟ್ಟಿರ್ತಾರೆ: ಟಚ್ ಇರುವ, ಮೆಮೊರಿ ಕಡಿಮೆ ಇರುವ ಒಂದು, ಟಚ್ ಇಲ್ಲದ, 8 ಜಿಬಿ ರ್‍ಯಾಮು, ಎಸ್‌ಎಸ್‌ಡಿ ಇರುವ ಇನ್ನೊಂದು. ಎರಡನೆಯದನ್ನೇ ತಗೊಳ್ಳಿ. ಪರದೆ ಪೂರ್ತಿ ಹಿಂದಕ್ಕೆ ಮಡಚಿ ಪೆನ್ನಿನಲ್ಲಿ ಬರೆಯುವಂಥ ಒಳ್ಳೇ ಮಾದರಿ ನಿಮ್ಮ ಬಜೆಟ್ಟಿಗೆ ಬಂದರೆ ಅದು ಅಲನ್ ಕೇ ಕನಸಿಗೆ ತೀರಾ ಹತ್ತಿರದ್ದು, ಖುಷಿಯಿಂದ ತಗೊಳ್ಳಿ. ಆದ್ರೆ ಟಚ್ ಪರದೆ ಒಡೆದರೆ ರಿಪೇರಿ ದುಬಾರಿ ಅನ್ನೋದು ತಲೆಯಲ್ಲಿರಲಿ.

ಮೂರನೇದು, ಟ್ಯಾಬ್ಲೆಟ್ ಯಾರಿಗೆ? ಪಿಡಿಎಫ್ ಓದಿ, ವಿಡಿಯೋ ನೋಡಿ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುವವರಿಗೆ ಸಾಕು. ಕಣ್ಣು ಮಂಜಾದ ಹಿರಿಯರಿಗೆ, ಸಣ್ಣ ಮಕ್ಕಳಿಗೆ ಅದೇ ಒಳ್ಳೆಯದು. ಕರೆಂಟ್ ಬಹಳ ಹೊತ್ತು ಇರದ ಊರಿನವರಿಗೂ ಅದೇ ವಾಸಿ. ತಗೊಂಡರೆ ಸಿಮ್ ಇರುವ ಮಾದರಿ ತಗೊಳ್ಳಿ, ಜೊತೆಗೆ ಒಂದು ಬ್ಲೂಟೂತ್ ಕೀಬೋರ್ಡಿಗೂ ದುಡ್ಡು ಎತ್ತಿಡಿ. ಎಷ್ಟು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡ್ತಾರೆ ಅಂತ ಕೇಳಿ. ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಗಾಜು ಚೆನ್ನಾಗಿರುವಾಗಲೇ ಆ್ಯಪ್‌ಗಳು ನಿಂತುಹೋಗ್ತವೆ.

'ಟೈಪಿಂಗ್ ಯಾಕೆ, ಈಗ ಮಾತಾಡಿದರೇ ಅಕ್ಷರ ಬರುತ್ತಲ್ಲ' ಅಂತ ಕೇಳಬಹುದು. ನಿಜ, ಗೂಗಲ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ 2017ರಿಂದ ಇದೆ. ಒಂದು ಮೆಸೇಜಿಗೆ ಬಹಳ ಚಂದ. ಆದ್ರೆ ಉರ್ದು, ಮರಾಠಿ, ತೆಲುಗು ಎಲ್ಲಾ ಬೆರೆತ ನಮ್ಮ ಕಡೆಯ ಮಾತನ್ನ ಅರ್ಜಿಯ ಕನ್ನಡಕ್ಕೆ ತರೋಕೆ ಕೊನೆಗೂ ಕೂತು ತಿದ್ದಲೇಬೇಕು. ತಿದ್ದೋದು ಅಂದ್ರೆ ಬರೆಯೋದೇ.

ಕೊನೆಯದು ಕಾಲೇಜಿನವರಿಗೆ, ಪಂಚಾಯಿತಿಯವರಿಗೆ. ಸಿಂಪ್ಯೂಟರ್ ಮಾಡಿದವರು ಕಾರ್ಡಿನ ಮೂಲಕ ಹೇಳಿದ ಮಾತು ಹಳತಾಗಿಲ್ಲ. ಮನೆಗೆ ಒಂದೇ ಯಂತ್ರ ಅಂತಾದಾಗ ಇನ್ನೊಂದು ಊರಿನ ಕೈಲಿರಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಈಗಿನ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇದ್ದರೆ ಅವು ಬೀಗ ಹಾಕಿಸಿಕೊಂಡು ಕೂರಬಾರದು. ಮನೆಯಲ್ಲಿ ಟ್ಯಾಬ್ ಇರುವ ಹುಡುಗಿ ಸಂಜೆ ಅಲ್ಲಿ ಹೋಗಿ ಒಂದು ತಾಸು ನುಡಿಯಲ್ಲಿ ಟೈಪ್ ಮಾಡೋಕೆ ಆದ್ರೆ, ಅವಳ ಮನೆಯವರು ಟ್ಯಾಬ್ ತಗೊಂಡದ್ದು ನಷ್ಟ ಆಗಲ್ಲ.

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತಗೊಂಡು, ಆ ಯಂತ್ರವನ್ನ ನಿಜವಾಗಿ ಬಳಸುವವರ ಕೈಯಲ್ಲೇ ಬರೆಸಿ: ವಾರದಲ್ಲಿ ಎಷ್ಟು ತಾಸು ನೋಡ್ತೀನಿ, ಎಷ್ಟು ತಾಸು ಬರೀತೀನಿ, ಮುಂದಿನ ಮೂರು ವರ್ಷದಲ್ಲಿ ಏನು ಬರೆಯೋನಿದ್ದೀನಿ. ಸರ್ಕಾರ ಎರಡು ಸಲ ಆಯ್ಕೆ ಮಾಡಿದಾಗಲೂ ಈ ಹಾಳೆ ಅವರ ಮುಂದೆ ಇರಲಿಲ್ಲ. ನಿಮ್ಮ ಮುಂದೆ ಇರಬಹುದು.